ಖರಾಬು ನೆಲದ ಸಿರಿ

‘ಆದ್ಯತೆ’ ಎಂಬ ಮಾತು ಇಂದು ಸರಕಾರದ ಕಾಗದಪತ್ರಗಳಲ್ಲಿ ಬಹಳವಾಗಿ ಸವೆದುಹೋಗಿದೆ. ರಸ್ತೆಗೆ ಆದ್ಯತೆ, ಕುಡಿಯುವ ನೀರಿಗೆ ಆದ್ಯತೆ, ಕೈಗಾರಿಕೆಗೆ ಆದ್ಯತೆ, ಕಾಡಿಗೂ ಆದ್ಯತೆ. ಆದ್ಯವೆಂದರೆ ಮೊದಲನೆಯದು. ಎಲ್ಲವೂ ಮೊದಲನೆಯದಾದ ಮೇಲೆ ಯಾವುದೂ ಮೊದಲನೆಯದಾಗಿ ಉಳಿಯುವುದಿಲ್ಲವಷ್ಟೆ. ಆಯ್ದುಕೊಳ್ಳುವುದು, ಆಯ್ದುಕೊಳ್ಳುವಾಗ ಕೆಲವನ್ನು ಬಿಡುವುದು, ಬಿಟ್ಟುದಕ್ಕೆ ಕಾರಣ ಕೊಡುವುದು, ಇವು ಮೂರೂ ಸೇರಿದಾಗ ಮಾತ್ರ ಆ ಶಬ್ದಕ್ಕೆ ಅರ್ಥ ಬರುತ್ತದೆ. ಅಳಿವಿನ ಅಂಚಿಗೆ ಬಂದಿರುವ ಗಿಡಮರಬಳ್ಳಿಗಳನ್ನು ಉಳಿಸುವುದಕ್ಕೆ ಯಾವ ನೆಲವನ್ನು ಮೊದಲು ಕಾಯಬೇಕು ಎಂಬ ಪ್ರಶ್ನೆಯನ್ನು ಈ ದೃಷ್ಟಿಯಿಂದ ನೋಡುವುದು ಈ ಲೇಖನದ ಉದ್ದೇಶ. ನಾನು ಸಸ್ಯಶಾಸ್ತ್ರವನ್ನು ಓದಿದವನಲ್ಲ, ಕನ್ನಡದ ಅಧ್ಯಾಪಕ. ಆದರೆ ಈ ಪ್ರಶ್ನೆಯಲ್ಲಿ ಅರ್ಧ ಶಾಸ್ತ್ರಕ್ಕೆ ಸೇರಿದ್ದಾದರೆ ಇನ್ನರ್ಧ ಭಾಷೆಗೆ ಸೇರಿದ್ದು ಎಂಬುದು ನನ್ನ ಎಣಿಕೆ. ಆ ಅರ್ಧದ ಮಟ್ಟಿಗೆ ಮಾತನಾಡುವ ಅಧಿಕಾರ ನನಗೂ ಇದೆಯೆಂದು ಭಾವಿಸಿದ್ದೇನೆ.

ಪ್ರಶ್ನೆಯನ್ನು ಈಗ ಎತ್ತುವುದಕ್ಕೆ ಕಾರಣವಿದೆ. ಕೋಲಾರದ ಚಿನ್ನದ ಗಣಿಗಳು ಮುಚ್ಚಿದ್ದು 2001ರಲ್ಲಿ. ಜಾನ್ ಟೇಲರ್ ಕಂಪೆನಿಯವರು 1880ರಲ್ಲಿ ಕೈಹಾಕಿದ ಕೆಲಸ, ನೂರಿಪ್ಪತ್ತು ವರ್ಷಗಳಲ್ಲಿ 800 ಟನ್ನಿಗೂ ಮಿಕ್ಕಿ ಚಿನ್ನವನ್ನು ಕೊಟ್ಟು, ಮೂರು ಕಿಲೋಮೀಟರಿಗೂ ಹೆಚ್ಚಿನ ಆಳದ ಗುಂಡಿಗಳನ್ನು ಬಿಟ್ಟು ನಿಂತುಹೋಯಿತು. ಮೇಲೆ ಉಳಿದದ್ದು ಕಲ್ಲನ್ನು ನುಣ್ಣಗೆ ಅರೆದು, ಸೈನೈಡಿನಿಂದ ಚಿನ್ನ ತೆಗೆದ ಮೇಲೆ ಬಿಸುಟ ಪುಡಿಯ ಗುಡ್ಡಗಳು. ಹದಿಮೂರು ಗುಡ್ಡಗಳಲ್ಲಿ ಸುಮಾರು 3 ಕೋಟಿ 30 ಲಕ್ಷ ಟನ್ ಪುಡಿಯಿದೆಯೆಂದು ಲೆಕ್ಕ. 2024ರ ಜೂನ್ ತಿಂಗಳಲ್ಲಿ, ಸುಮಾರು ಸಾವಿರ ಎಕರೆಯಲ್ಲಿ ಹರಡಿರುವ ಈ ಗುಡ್ಡಗಳಿಂದ ಮತ್ತೆ ಚಿನ್ನ ತೆಗೆಯುವ ಯೋಜನೆಗೆ ರಾಜ್ಯದ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಅಂದಿನಿಂದ ಕೆ.ಜಿ.ಎಫ್. ಮತ್ತು ಬಂಗಾರಪೇಟೆಗಳಲ್ಲಿ ಚಿನ್ನದ ಮಾತು ಮತ್ತೆ ಬಾಯಿಂದ ಬಾಯಿಗೆ ಹರಿದಾಡುತ್ತಿದೆ. ಕೆಲಸವಿಲ್ಲದೆ ದಿನವೂ ನಸುಕಿನ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುವ ಜನರ ಊರಿನಲ್ಲಿ ಇದು ಸಹಜ. ಸಹಜವಾದುದಕ್ಕೆ ನಾನು ಅಡ್ಡ ಮಾತನಾಡುವುದಿಲ್ಲ. ಆದರೆ ಈ ಸೀಮೆಯ ನೆಲಕ್ಕೆ ಹೊಸ ಬೆಲೆ ಕಟ್ಟುವ ಹೊತ್ತಿನಲ್ಲಿ, ಆ ನೆಲದ ಮೇಲೆ ಬೆಳೆಯುವುದೇನು ಎಂದು ಯಾರೂ ಕೇಳಿದಂತೆ ಕಾಣಲಿಲ್ಲ. ಕೇಳುವುದಕ್ಕೆ ಇದು ತಕ್ಕ ಸಮಯ.

ಜಗತ್ತಿನಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕಿದವರಿದ್ದಾರೆ. ನಾರ್ಮನ್ ಮೈಯರ್ಸ್ ಎಂಬ ವಿದ್ವಾಂಸರು 1988ರಲ್ಲಿ, ಕೈಯಲ್ಲಿರುವ ಹಣ ಸ್ವಲ್ಪ, ಉಳಿಸಬೇಕಾದುದು ಅಪಾರ, ಆದ್ದರಿಂದ ಸಂಪತ್ತು ಹೆಚ್ಚಾಗಿಯೂ ಅಪಾಯ ಹೆಚ್ಚಾಗಿಯೂ ಇರುವ ಕಡೆಗೆ ಮೊದಲು ಹೋಗೋಣವೆಂದು ವಾದಿಸಿದರು. 2000ದಲ್ಲಿ ಅವರೂ ಅವರ ಜೊತೆಗಾರರೂ ಭೂಮಂಡಲದಲ್ಲಿ ಇಂಥ 25 ಪ್ರದೇಶಗಳನ್ನು ಗುರುತಿಸಿದರು. ಮತ್ತೆಲ್ಲಿಯೂ ಬೆಳೆಯದ ಸಸ್ಯಜಾತಿಗಳು ಕನಿಷ್ಠ 1,500 ಇರಬೇಕು, ಮೂಲದ ಹಸುರು ಹೊದಿಕೆಯಲ್ಲಿ ನೂರಕ್ಕೆ 70 ಪಾಲಾದರೂ ಹೋಗಿರಬೇಕು, ಇವು ಅವರು ಇಟ್ಟ ಎರಡು ಅಳತೆಗೋಲು. ನಮ್ಮ ಪಶ್ಚಿಮಘಟ್ಟಗಳು ಶ್ರೀಲಂಕೆಯೊಡನೆ ಸೇರಿ ಆ ಪಟ್ಟಿಯಲ್ಲಿ ಸ್ಥಾನ ಪಡೆದುವು. 2012ರಲ್ಲಿ ಯುನೆಸ್ಕೋ ಸಂಸ್ಥೆ ಘಟ್ಟಗಳ 39 ತಾಣಗಳನ್ನು ವಿಶ್ವಪರಂಪರೆಗೆ ಸೇರಿಸಿತು. ಅವುಗಳಲ್ಲಿ ಹತ್ತು ಕರ್ನಾಟಕದವು. ಇದೆಲ್ಲವೂ ಯೋಗ್ಯವಾದ ಕಾರ್ಯ. ಆಗುಂಬೆಯ ಕಾಡನ್ನೂ ಕುದುರೆಮುಖದ ಶೋಲೆಯನ್ನೂ ಕಾಯಬೇಕೆಂಬ ಮಾತಿಗೆ ಎದುರಾಡುವವನು ಕನ್ನಡಿಗನೇ ಅಲ್ಲ.

ಆದರೆ ಈ ಅಳತೆಗೋಲು ಭೂಮಂಡಲದ ನಕ್ಷೆಯನ್ನು ಮುಂದಿಟ್ಟುಕೊಂಡು ಮಾಡಿದ್ದು. ಅದನ್ನೇ ಒಂದು ಜಿಲ್ಲೆಗೋ ತಾಲೂಕಿಗೋ ಇಳಿಸಿದರೆ ಏನಾಗುತ್ತದೆ? ಹೆಚ್ಚು ಜಾತಿಗಳಿರುವ ಕಡೆ ಎಂಬುದು ನೋಡುವವರ ಕಣ್ಣಿನಲ್ಲಿ ಹೆಚ್ಚು ಹಸುರಿರುವ ಕಡೆ ಎಂದಾಗಿಬಿಡುತ್ತದೆ. ಮಳೆ ಹೆಚ್ಚು ಬೀಳುವ ಸೀಮೆಗೆ ಹೆಚ್ಚು ಮನ್ನಣೆ. ಬಿಸಿಲ ಸೀಮೆಗೆ ಕಡಿಮೆ. ಕೋಲಾರ ಜಿಲ್ಲೆಗೆ ವರ್ಷದಲ್ಲಿ ಬೀಳುವುದು ಸುಮಾರು 700 ಮಿಲಿಮೀಟರ್ ಮಳೆ. ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಪಾಲಾರ್ ಎಂಬ ಹೆಸರಿನಲ್ಲಿ ಹಾಲೂ ಹೊಳೆಯೂ ಇದ್ದರೂ ಬೇತಮಂಗಲದ ಬಳಿ ನಿಂತು ನೋಡಿದವರಿಗೆ ಬಹುಪಾಲು ತಿಂಗಳು ಕಾಣುವುದು ಮರಳು. ಗುಂಡುಕಲ್ಲಿನ ಬೆಟ್ಟ, ಕುರುಚಲು ಗಿಡ, ಬೇಸಗೆಯಲ್ಲಿ ಒಣಗಿ ಹಳದಿಯಾದ ಹುಲ್ಲು, ಇದು ನಮ್ಮ ಸೀಮೆಯ ರೂಪ. ಹಸುರನ್ನು ಮಾತ್ರ ಅಳೆಯುವ ಕೋಲಿಗೆ ಇದು ಸೊನ್ನೆಯಾಗಿಯೇ ಕಾಣಬೇಕು.

ಆ ಸೊನ್ನೆಗೆ ನಮ್ಮ ಕಂದಾಯದ ದಫ್ತರದಲ್ಲಿ ಒಂದು ಹೆಸರೂ ಇದೆ. ಸಾಗುವಳಿಗೆ ಬಾರದ ನೆಲ ಖರಾಬು. ಅದರಲ್ಲಿಯೂ ಅ ಖರಾಬು, ಬ ಖರಾಬು ಎಂದು ಎರಡು ಬಗೆ. ಖರಾಬು ಎಂದರೆ ಕೆಟ್ಟದ್ದು, ಹಾಳಾದದ್ದು. ಅರಬ್ಬೀ ಪಾರಸೀ ಭಾಷೆಗಳಿಂದ ಬಂದ ಮಾತು. ಅದರ ಜೊತೆಗೆ ಬಂಜರು ಎಂಬುದೊಂದು, ಪಾಳು ಎಂಬುದೊಂದು. ತೆರಿಗೆ ಎತ್ತುವವನ ದೃಷ್ಟಿಯಿಂದ ಈ ಮಾತುಗಳು ತಪ್ಪಲ್ಲ. ಪೈರು ಬಾರದ ಕಡೆ ಕಂದಾಯವೂ ಬಾರದು. ಆದರೆ ಲೆಕ್ಕದ ಪುಸ್ತಕದ ಮಾತು ಲೋಕದ ಮಾತಾದಾಗ ಅಪಾಯ ಪ್ರಾರಂಭವಾಗುತ್ತದೆ. ಕೆಟ್ಟ ನೆಲವೆಂದು ಬರೆದಮೇಲೆ ಅದನ್ನು ಒಳ್ಳೆಯದು ಮಾಡುವುದಕ್ಕೆ ಯಾರಾದರೂ ಹೊರಡಲೇಬೇಕು. ಕಲ್ಲು ಒಡೆಯುವವನು ಹೊರಡುತ್ತಾನೆ, ನಿವೇಶನ ಮಾಡುವವನು ಹೊರಡುತ್ತಾನೆ, ನೀಲಗಿರಿ ನೆಡುವವನು ಹೊರಡುತ್ತಾನೆ. ಸಾಮಾಜಿಕ ಅರಣ್ಯದ ಹೆಸರಿನಲ್ಲಿ 1980ರ ದಶಕದಲ್ಲಿ ಕೋಲಾರದ ಹೊಲಗಳಲ್ಲಿಯೂ ಗೋಮಾಳಗಳಲ್ಲಿಯೂ ನೀಲಗಿರಿ ತುಂಬಿತು. 2017ರಲ್ಲಿ ಸರಕಾರವೇ ಅದನ್ನು ಹೊಸದಾಗಿ ನೆಡಬಾರದೆಂದು ನಿಷೇಧಿಸಬೇಕಾಯಿತು. ನೆಲಕ್ಕೆ ಇಟ್ಟ ಒಂದು ಹೆಸರು ಇಷ್ಟು ಕೆಲಸ ಮಾಡಬಲ್ಲುದು.

ನಮ್ಮ ಹಿಂದಿನವರು ನೆಲವನ್ನು ಬೇರೆ ಬಗೆಯಲ್ಲಿ ಓದುತ್ತಿದ್ದರು. ಬಿ. ಎಲ್. ರೈಸ್ ಅವರು ಕೋಲಾರ ಜಿಲ್ಲೆಯ ಶಾಸನಗಳನ್ನು 1905ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ಹತ್ತನೆಯ ಸಂಪುಟವಾಗಿ ಹೊರತಂದರು. ದತ್ತಿಶಾಸನಗಳನ್ನು ಪಾಠ ಹೇಳುವ ಅಧ್ಯಾಪಕರೆಲ್ಲರಿಗೂ ಗೊತ್ತಿರುವಂತೆ, ದಾನ ಕೊಟ್ಟ ಭೂಮಿಯ ಎಲ್ಲೆಯನ್ನು ಹೇಳುವಾಗ ಶಾಸನಕವಿ ಮರವನ್ನು ಹೆಸರಿಸುತ್ತಾನೆ; ಮೂಡಲಲ್ಲಿ ಇಂಥ ಮರ, ತೆಂಕಲಲ್ಲಿ ಇಂಥ ಬಂಡೆ, ಪಡುವಲಲ್ಲಿ ಹುತ್ತ, ಬಡಗಲಲ್ಲಿ ಹಳ್ಳ. ವಿದ್ಯಾರ್ಥಿಗಳು ಈ ಭಾಗವನ್ನು ಬೇಸರದಿಂದ ದಾಟಿಬಿಡುತ್ತಾರೆ. ಆದರೆ ಅದರಲ್ಲಿ ಒಂದು ನಂಬಿಕೆಯಿದೆ. ಮರವು ನೂರಾರು ವರ್ಷ ಅಲ್ಲಿಯೇ ಇರುತ್ತದೆ, ಊರಿನವರೆಲ್ಲರೂ ಅದರ ಹೆಸರನ್ನು ಬಲ್ಲರು ಎಂಬ ನಂಬಿಕೆ. ಆ ಎರಡೂ ಇಂದು ಸಡಿಲವಾಗಿವೆ. ಅಂದು ಮರವು ಭೂಮಿಗೆ ಎಲ್ಲೆಯಾಗಿತ್ತು. ಇಂದು ಮರಕ್ಕೇ ಎಲ್ಲೆಯನ್ನು ಹಾಕಿಕೊಡಬೇಕಾಗಿದೆ.

ಹಾಗಾದರೆ ಈ ಖರಾಬು ನೆಲದಲ್ಲಿ ಕಾಯಬೇಕಾದದ್ದು ಏನಿದೆ? ಮೂರು ಸಸ್ಯಗಳನ್ನು ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ.

ಮೊದಲನೆಯದು ಮಾಗಳಿ ಬೇರು; ಮಾಕಳಿ ಎಂದೂ ಹೇಳುತ್ತಾರೆ. ಅದರ ಉಪ್ಪಿನಕಾಯಿಯ ಕಂಪನ್ನು ಬಲ್ಲವರಿಗೆ ಪರಿಚಯ ಮಾಡಿಕೊಡಬೇಕಾದುದಿಲ್ಲ. ತಮಿಳಿನಲ್ಲಿ ಮಾಗಾಳಿಕ್ಕಿಳಂಗು, ತೆಲುಗಿನಲ್ಲಿ ಮಾರೇಡು. ದಕ್ಷಿಣ ಭಾರತದ ಒಣ ಬೆಟ್ಟಗಳ ಕಲ್ಲುಸಂದುಗಳಲ್ಲಿ ಬೇರೂರಿ ಹಬ್ಬುವ ಈ ಬಳ್ಳಿ ಬೇರೆ ಯಾವ ದೇಶದಲ್ಲಿಯೂ ತಾನಾಗಿ ಬೆಳೆಯುವುದಿಲ್ಲ. ಹಣ್ಣನ್ನೋ ಎಲೆಯನ್ನೋ ಕಿತ್ತರೆ ಗಿಡ ಉಳಿಯುತ್ತದೆ; ಇಲ್ಲಿ ಬೇಕಾದದ್ದೇ ಬೇರು. ಒಂದು ಭರಣಿ ಉಪ್ಪಿನಕಾಯಿಗೆ ಬಳ್ಳಿಯ ಜೀವವೇ ಬೆಲೆ. ಅದು ಇಂದು ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅಳಿವಿನಂಚಿನ ಸಸ್ಯವೆಂದು ಸೇರಿದೆ. ಅಳಿವು ಯಾವಾಗಲೂ ಕೊಡಲಿಯ ಸದ್ದಿನೊಡನೆ ಬರುವುದಿಲ್ಲ. ಅಡುಗೆಯ ಮನೆಯ ದಾರಿಯಿಂದಲೂ ಬರಬಹುದು ಎಂಬುದಕ್ಕೆ ಇದು ದೃಷ್ಟಾಂತ.

ಎರಡನೆಯದು ಶ್ರೀಗಂಧ. ಟಿಪ್ಪು ಸುಲ್ತಾನನು 1792ರಲ್ಲಿ ಅದನ್ನು ರಾಜವೃಕ್ಷವೆಂದು ಸಾರಿದ. ಅಂದಿನಿಂದ ಸುಮಾರು ಇನ್ನೂರು ವರ್ಷ ಮರ ಯಾರ ಹಿತ್ತಿಲಲ್ಲಿ ಹುಟ್ಟಿದರೂ ದೊರೆಯ ಸೊತ್ತು, ಆಮೇಲೆ ಸರಕಾರದ ಸೊತ್ತು. 2001ರಲ್ಲಿ ಕಾನೂನು ತಿದ್ದಿದ ಮೇಲೆ ನೆಲದ ಒಡೆಯನಿಗೆ ಮರದ ಒಡೆತನ ಬಂದಿತು. ಇಷ್ಟು ಕಾವಲಿದ್ದೂ ಗಂಧ ಕಾಡಿನಿಂದ ಕರಗಿತು. ಇಲ್ಲಿ ನಮಗೆ ಪ್ರಸ್ತುತವಾದುದು ಅದರ ಸ್ವಭಾವ. ಶ್ರೀಗಂಧ ಅರೆಪರಾವಲಂಬಿ. ತನ್ನ ಬೇರನ್ನು ನೆರೆಯ ಗಿಡದ ಬೇರಿಗೆ ತಗುಲಿಸಿ ಅದರಿಂದ ಆಹಾರದ ಒಂದು ಪಾಲನ್ನು ಹೀರುತ್ತದೆ. ನೆರೆಯವರಿಲ್ಲದೆ ಅದು ಸೊರಗುತ್ತದೆ. ಅದರ ಬೀಜವನ್ನು ಹರಡುವವು ಹಣ್ಣು ತಿನ್ನುವ ಹಕ್ಕಿಗಳು. ಆದ್ದರಿಂದ ಗಂಧವನ್ನು ಉಳಿಸುವುದೆಂದರೆ ಅದರ ಸುತ್ತಲಿನ ಪೊದೆಯನ್ನೂ ಹಕ್ಕಿಯನ್ನೂ ಉಳಿಸುವುದು. ಗಿಡದ ಹೆಸರಿನಲ್ಲಿ ಕಾನೂನು ಮಾಡಿದರೆ ಸಾಲದು, ಒಂದು ಪ್ರದೇಶವನ್ನೇ ಗುರುತಿಸಬೇಕೆಂದು ಹೇಳುವುದು ಇದೇ ಕಾರಣದಿಂದ. ನೆರೆಯ ಆಂಧ್ರದ ಬೆಟ್ಟಗಳ ರಕ್ತಚಂದನದ ಕತೆಯೂ ಇದನ್ನೇ ಹೇಳುತ್ತದೆ. 1995ರಿಂದ ಅದರ ವ್ಯಾಪಾರದ ಮೇಲೆ ಅಂತರರಾಷ್ಟ್ರೀಯ ಹತೋಟಿಯಿದೆ, ಕಳ್ಳಸಾಗಣೆ ನಿಂತಿಲ್ಲ.

ಮೂರನೆಯದು ಎಲ್ಲಕ್ಕಿಂತ ಚಿಕ್ಕದು, ಎಲ್ಲಕ್ಕಿಂತ ಅಪರಿಚಿತ. ಎಕ್ಕದ ಬಳಗಕ್ಕೆ ಸೇರಿದ ಒಂದು ಗಡ್ಡೆಗಿಡಕ್ಕೆ ಅರೇಕಲ್ ಮತ್ತು ರಾಮಕೃಷ್ಣ ಎಂಬ ಸಸ್ಯಶಾಸ್ತ್ರಜ್ಞರು 1980ರ ದಶಕದ ಆರಂಭದಲ್ಲಿ ‘ಬ್ರಾಕಿಸ್ಟೆಲ್ಮ ಕೋಲಾರೆನ್ಸಿಸ್’ ಎಂದು ಹೆಸರಿಟ್ಟರು. ಕೋಲಾರದ ಹೆಸರನ್ನು ಹೊತ್ತ ಗಿಡ! ಈ ಕುಲದ ಗಿಡಗಳ ಬಾಳು ವಿಚಿತ್ರ. ವರ್ಷದ ಬಹುಭಾಗ ನೆಲದೊಳಗೆ ಗಡ್ಡೆಯಾಗಿ ಮಲಗಿರುತ್ತವೆ. ಮಳೆ ಬಿದ್ದೊಡನೆ ಹುಲ್ಲಿನ ನಡುವೆ ಗೇಣುದ್ದದ ಕಾಂಡವೊಂದು ಎದ್ದು, ಸಣ್ಣ ನೊಣಗಳನ್ನು ಕರೆಯುವ ಹೂವನ್ನು ಬಿಟ್ಟು, ನವಿರು ಕೂದಲಿನ ಬೀಜವನ್ನು ಗಾಳಿಗೆ ಕೊಟ್ಟು, ಕೆಲವು ವಾರಗಳಲ್ಲಿ ಕಾಣದಂತಾಗುತ್ತವೆ. ಬೇಸಗೆಯಲ್ಲಿ ಸರ್ವೆ ಮಾಡಲು ಬಂದವನಿಗೆ ಅಲ್ಲಿ ಏನೂ ಇಲ್ಲ. ಅವನು ‘ಖರಾಬು’ ಎಂದು ಬರೆದುಕೊಂಡು ಹೋಗುತ್ತಾನೆ. ಅವನು ಸುಳ್ಳು ಬರೆಯಲಿಲ್ಲ. ಬಾರದ ಕಾಲದಲ್ಲಿ ಬಂದ, ಅಷ್ಟೆ. ಆದರೆ ಅವನು ಬರೆದ ಆ ಒಂದು ಮಾತಿನ ಮೇಲೆ ಮಾರನೆಯ ವರ್ಷ ಗುದ್ದಲಿ ಬೀಳುತ್ತದೆ.

ಕೋಲಾರದ ಹೆಸರನ್ನು ಹೊತ್ತ ಇನ್ನೊಂದು ಜೀವಿಯೂ ಇದೆ. ಅದು ಸಸ್ಯವಲ್ಲ, ಬಾವಲಿ. ಅದು ಉಳಿದಿರುವುದಾಗಿ ತಿಳಿದಿರುವುದು ನಮ್ಮ ಜಿಲ್ಲೆಯ ಹನುಮನಹಳ್ಳಿಯ ಗುಹೆಯೊಂದರಲ್ಲಿ ಮಾತ್ರ. ಎಲ್ಲಿದೆಯೆಂದು ಖಚಿತವಾಗಿ ತಿಳಿದದ್ದರಿಂದಲೇ ಗುಹೆಯ ಸುತ್ತ ಸುಮಾರು 30 ಎಕರೆಯನ್ನು ಅರಣ್ಯ ಇಲಾಖೆ ಕಾಯ್ದಿಡಲು ಸಾಧ್ಯವಾಯಿತು. ಮೂವತ್ತು ಎಕರೆ! ಒಂದು ಜೀವಜಾತಿಯ ಅಳಿವು ಉಳಿವು ಇಷ್ಟು ಸಣ್ಣ ಜಾಗದಲ್ಲಿ ನಿರ್ಧಾರವಾಗಬಹುದು. ಬಾವಲಿಗೆ ದೊರೆತ ಈ ನ್ಯಾಯ ಗಿಡಕ್ಕೂ ದೊರೆಯಬೇಡವೆ?

ನೆಲವನ್ನು ಗುರುತಿಸುವ ಬಗೆ ಹೇಗೆ ಎಂಬುದಕ್ಕೆ ಉತ್ತರ ನಮ್ಮ ಗಣಿಯ ಚರಿತ್ರೆಯಲ್ಲಿಯೇ ಇದೆ. 1802ರಲ್ಲಿ ವಾರನ್ ಎಂಬ ಸೈನ್ಯಾಧಿಕಾರಿ ಈ ಸೀಮೆಯಲ್ಲಿ ಹಳ್ಳಿಗರು ಮಣ್ಣು ತೊಳೆದು ಚಿನ್ನ ತೆಗೆಯುವುದನ್ನು ವಿಚಾರಿಸಿ ಬರೆದಿಟ್ಟ. 1870ರ ದಶಕದಲ್ಲಿ ಲಾವೆಲ್ ಎಂಬ ನಿವೃತ್ತ ಸೈನಿಕ ಅಪ್ಪಣೆ ಪಡೆದು ಅಗೆದು ನೋಡಿದ. ಸುಮಾರು 80 ಕಿಲೋಮೀಟರ್ ಉದ್ದದ ಕಪ್ಪುಶಿಲೆಯ ಪಟ್ಟಿಯಲ್ಲಿ ಹೊನ್ನಿನ ಎಳೆ ಇದ್ದದ್ದು ಕೆಲವೇ ಅಡಿ ಅಗಲದಲ್ಲಿ. ನೆಲ ಹಸುರಾಗಿದೆಯೋ ಒಣಗಿದೆಯೋ ಎಂದು ಅವರು ನೋಡಲಿಲ್ಲ. ಊರವರನ್ನು ಕೇಳಿದರು, ಮಣ್ಣನ್ನು ತೊಳೆದರು, ಎಳೆಯನ್ನು ಹಿಡಿದು ಹೋದರು, ಎಲ್ಲಿ ಮುಗಿಯುತ್ತದೆಂದು ಗೆರೆ ಎಳೆದರು. ಹೊನ್ನಿಗಾಗಿ ಪಟ್ಟ ಈ ಶ್ರದ್ಧೆಯಲ್ಲಿ ಹತ್ತರಲ್ಲೊಂದು ಪಾಲನ್ನು ಗಿಡಕ್ಕಾಗಿ ಪಟ್ಟರೆ ಸಾಕು. ಆಗ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕಾಗುತ್ತದೆ.

ಇಲ್ಲಿ ಕಳೆದರೆ ಮತ್ತೆಲ್ಲಿಯಾದರೂ ಸಿಕ್ಕೀತೆ ಎಂಬುದು ಮೊದಲನೆಯ ಪ್ರಶ್ನೆ. ಒಂದು ತಾಣದಲ್ಲಿ ನೂರು ಜಾತಿಗಳಿದ್ದು ಆ ನೂರೂ ಬೇರೆಡೆಯಲ್ಲಿ ಸಮೃದ್ಧವಾಗಿದ್ದರೆ, ಬೇರೆಲ್ಲಿಯೂ ಇಲ್ಲದ ಒಂದೇ ಒಂದು ಗಿಡವಿರುವ ಬಂಡೆ ಅದಕ್ಕಿಂತ ಮೊದಲು ಬರಬೇಕು. ಅಪಾಯ ಎಷ್ಟು ಹತ್ತಿರದಲ್ಲಿದೆ ಎಂಬುದು ಎರಡನೆಯದು. ಕಲ್ಲುಗಣಿಗೆ ಅರ್ಜಿ ಬಿದ್ದ ಬೆಟ್ಟ ಇನ್ನೂ ಹತ್ತು ವರ್ಷ ಕಾಯಬಲ್ಲ ಬೆಟ್ಟಕ್ಕಿಂತ ಮುಂದೆ. ನೆರೆಹೊರೆ ಉಳಿದಿದೆಯೆ ಎಂಬುದು ಮೂರನೆಯದು: ಗಂಧಕ್ಕೆ ಆಸರೆಯ ಗಿಡ, ಹೂವಿಗೆ ನೊಣ, ಬೀಜಕ್ಕೆ ಹಕ್ಕಿ. ಇವೆಲ್ಲ ಹೋದ ಕಡೆ ಬೇಲಿ ಹಾಕಿದರೆ ಅದು ಗೋರಿಗೆ ಹಾಕಿದ ಬೇಲಿ. ಕಾಯುವವರು ಯಾರು ಎಂಬುದು ನಾಲ್ಕನೆಯದು. ನಮ್ಮ ಸಭೆಗಳಲ್ಲಿ ಈ ಪ್ರಶ್ನೆಯನ್ನು ಕೊನೆಗೆ ಕೇಳುತ್ತಾರೆ. ನನಗೆ ತೋರುವಂತೆ ಮೊದಲೇ ಕೇಳುವುದು ಮೇಲು. ಊರು ಒಪ್ಪದ ಕಾವಲು ಮೂರು ದಿನದ ಕಾವಲು.

ಈ ಪ್ರಶ್ನೆಗಳನ್ನು ಹಿಡಿದು ನೋಡಿದರೆ ನಮ್ಮ ಸೀಮೆಯಲ್ಲಿ ಮೂರು ಬಗೆಯ ನೆಲ ಮುಂದಕ್ಕೆ ಬರುತ್ತದೆ. ಒಂದು, ಕೋಲಾರದ ಶತಶೃಂಗ ಬೆಟ್ಟಗಳ ಅಂತರಗಂಗೆ. ರಾಜ್ಯದ ಜೀವವೈವಿಧ್ಯ ಮಂಡಳಿ 2020ರಲ್ಲಿ ಇದನ್ನು ಪರಂಪರೆಯ ತಾಣವಾಗಿ ಘೋಷಿಸಲು ನಿರ್ಧರಿಸಿದ್ದು ಶುಭಸೂಚನೆ. ಎರಡು, ಬಂಗಾರಪೇಟೆಯ ತೆಂಕಣಕ್ಕೆ ಬೂದಿಕೋಟೆ, ಕಾಮಸಮುದ್ರಗಳ ಕಡೆ ತಮಿಳುನಾಡಿನ ಮತ್ತು ಆಂಧ್ರದ ಗಡಿಯವರೆಗೆ ಹಬ್ಬಿದ ಕುರುಚಲು ಕಾಡು. ಆನೆ ಬಂದಿತೆಂಬ ಸುದ್ದಿಯಲ್ಲಿ ಮಾತ್ರ ಈ ಕಾಡಿನ ಹೆಸರು ಪತ್ರಿಕೆಗೆ ಬರುತ್ತದೆ. ಆನೆ ನಡೆದ ದಾರಿಯ ಗಿಡಗಳ ಸುದ್ದಿ ಬರುವುದಿಲ್ಲ. ಮೂರು ರಾಜ್ಯಗಳ ಎಲ್ಲೆ ಕೂಡುವ ಜಾಗವಾದುದರಿಂದ ಅದು ಮೂವರದೂ ಆಗಿ ಯಾರದೂ ಅಲ್ಲದಂತಾಗಿದೆ. ಮೂರು, ಊರೂರಿನ ಗೋಮಾಳಗಳ ಹಾಸುಬಂಡೆ ಮತ್ತು ಹುಲ್ಲುನೆಲ. ಐದು ಎಕರೆ, ಹತ್ತು ಎಕರೆಯ ತುಣುಕುಗಳು ಇವು. ನಕ್ಷೆಯಲ್ಲಿ ಚುಕ್ಕೆಯಾಗಿಯೂ ಕಾಣವು. ಗಡ್ಡೆಗಿಡಗಳ ಬಾಳಿಗೆ ತಕ್ಕ ನೆಲ ಮಾತ್ರ ಇವೇ.

ಬಿಡಬೇಕಾದುದನ್ನೂ ಹೇಳಬೇಕು, ಇಲ್ಲವಾದರೆ ಆದ್ಯತೆಯ ಮಾತು ಪೂರ್ತಿಯಾಗದು. ಸೈನೈಡ್ ಗುಡ್ಡಗಳು ಈ ಪಟ್ಟಿಗೆ ಸೇರಬೇಕಾದುವಲ್ಲ. ಗಾಳಿಯ ತಿಂಗಳುಗಳಲ್ಲಿ ಅವುಗಳ ಪುಡಿ ಮನೆಮನೆಗೆ ನುಗ್ಗುತ್ತದೆ. ಅವನ್ನು ಹೇಗಾದರೂ ಅಡಗಿಸಬೇಕು, ಹಸುರು ಹೊದಿಸಬೇಕು, ಇಲ್ಲವೆ ಎಚ್ಚರದಿಂದ ತೆಗೆಯಬೇಕು. ಅದು ಜನರ ಆರೋಗ್ಯದ ಪ್ರಶ್ನೆ. ಹಳೆಯ ನೀಲಗಿರಿ ತೋಪುಗಳೂ ಅಷ್ಟೆ. ಕಾರ್ಖಾನೆಯೋ ವಸತಿಯೋ ಬೇಕಾದರೆ ಮೊದಲು ಅವುಗಳ ಕಡೆಗೆ ನೋಡಲಿ, ಗೋಮಾಳದ ಕಡೆಗಲ್ಲ. ಹೀಗೆ ವಿಂಗಡಿಸಿದರೆ ಕೆಲಸಕ್ಕೂ ಗಿಡಕ್ಕೂ ಜಗಳವಿರುವ ಜಾಗ ಬಹಳ ಕಡಿಮೆಯಾಗುತ್ತದೆ. ಕೆ.ಜಿ.ಎಫ್.ನ ಜನಕ್ಕೆ ಗಿಡ ಬೇಕೋ ಅನ್ನ ಬೇಕೋ ಎಂದು ಕೇಳುವುದು ಕ್ರೂರವಾದ ಪ್ರಶ್ನೆ. ವಿಂಗಡಣೆ ಮಾಡದೆ ಇದ್ದಾಗಲೇ ಆ ಪ್ರಶ್ನೆ ಹುಟ್ಟುವುದು.

ಇನ್ನೊಂದು ಮಾತು ಕೆಲವರಿಗೆ ಅಪ್ರಿಯವಾಗಬಹುದು. ಕೆ. ಎಂ. ಮುನ್ಷಿಯವರು 1950ರಲ್ಲಿ ವನಮಹೋತ್ಸವವನ್ನು ಪ್ರಾರಂಭಿಸಿದಂದಿನಿಂದ ಗಿಡ ನೆಡುವುದು ನಮಗೆ ಪುಣ್ಯಕಾರ್ಯವಾಗಿದೆ. ಶಾಲೆಯ ಅಂಗಳದಲ್ಲಿ, ರಸ್ತೆಯ ಬದಿಯಲ್ಲಿ, ಕೆರೆಯ ಏರಿಯ ಕೆಳಗೆ ಅದು ಪುಣ್ಯವೇ ಸರಿ. ಆದರೆ ಹುಲ್ಲು ಬೆಳೆದ ಗೋಮಾಳದಲ್ಲಿ ಸಾವಿರ ಗುಂಡಿ ತೋಡಿ ಸಾವಿರ ಸಸಿ ನೆಟ್ಟರೆ, ಗುಂಡಿಯ ಮಣ್ಣಿನೊಡನೆ ಹೊರಬಿದ್ದ ಗಡ್ಡೆಗಳೆಷ್ಟು ಎಂದು ಎಣಿಸಿದವರಿಲ್ಲ. ಬಿಸಿಲನ್ನು ಬಯಸುವ ಪುಟ್ಟ ಗಿಡಕ್ಕೆ ನಾವು ಕೊಡುವ ನೆರಳು ಸಾವು. ದನ ಕುರಿಗಳು ಹಿತಮಿತವಾಗಿ ಮೇಯುವ ಹುಲ್ಲುನೆಲ ಹಾಗೆಯೇ ಇರಲಿ ಎಂದು ಬಿಡುವುದೂ ಒಂದು ರಕ್ಷಣೆ. ಕುರುಬನನ್ನು ಹೊರಗೆ ಹಾಕಿ ಬೇಲಿ ಕಟ್ಟುವುದಕ್ಕಿಂತ ಅವನನ್ನೇ ಕಾವಲುಗಾರನನ್ನಾಗಿ ಮಾಡಿಕೊಳ್ಳುವುದು ಅಗ್ಗ ಮತ್ತು ಗಟ್ಟಿ. ಯಾವ ಮಳೆಗೆ ಯಾವ ಗಿಡ ಏಳುತ್ತದೆಂದು ಅವನಿಗೆ ಗೊತ್ತಿರುವಷ್ಟು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ.

ಇದಕ್ಕೆ ಬರಬಹುದಾದ ಒಂದು ಆಕ್ಷೇಪವನ್ನು ಅಲ್ಲಗಳೆಯುವಂತಿಲ್ಲ. ಇಂಥ ಕಡೆ ಇಂಥ ಅಪೂರ್ವ ಸಸ್ಯವಿದೆಯೆಂದು ಸಾರಿದರೆ ಕಳ್ಳನಿಗೆ ದಾರಿ ತೋರಿಸಿದಂತಾಗದೆ? ಆಗುತ್ತದೆ. ಗಂಧದ ಮಟ್ಟಿಗೂ ಮಾಗಳಿ ಬೇರಿನ ಮಟ್ಟಿಗೂ ಈ ಭಯ ನಿಜ. ಆದ್ದರಿಂದ ಗುರುತಿಸುವುದು ಬೇರೆ, ಸಾರುವುದು ಬೇರೆ ಎಂದು ತಿಳಿಯಬೇಕು. ನೆಲದ ಎಲ್ಲೆ ಎಲ್ಲರಿಗೂ ತಿಳಿದಿರಲಿ. ಅದರೊಳಗೆ ಯಾವ ಬಂಡೆಯ ಮಗ್ಗುಲಲ್ಲಿ ಯಾವ ಗಿಡವಿದೆಯೆಂಬುದು ಕಾಯುವವರಿಗೆ ಮಾತ್ರ ತಿಳಿದಿರಲಿ.

ಮಾದರಿಗಳು ದೂರದಲ್ಲಿಲ್ಲ. ದೇವನಹಳ್ಳಿಯ ಬಳಿಯ ನಲ್ಲೂರಿನ ಹುಣಸೆತೋಪು ಐವತ್ತನಾಲ್ಕು ಎಕರೆಯದು. 2002ರ ಜೀವವೈವಿಧ್ಯ ಕಾಯಿದೆಯ ಮೇರೆಗೆ 2007ರಲ್ಲಿ ಅದು ಇಡೀ ಭಾರತದಲ್ಲಿಯೇ ಮೊದಲನೆಯ ಪರಂಪರೆಯ ತಾಣವಾಯಿತು. 1993ರಿಂದೀಚೆಗೆ ಔಷಧಿಯ ಸಸ್ಯಗಳಿಗಾಗಿ ಗುರುತಿಸಿದ ಪ್ರದೇಶಗಳಲ್ಲಿ ಘಟ್ಟದ ಕಾಡುಗಳ ಜೊತೆಗೆ ಸಾವನದುರ್ಗ, ದೇವರಾಯನದುರ್ಗ, ಸಂಡೂರುಗಳಂಥ ಒಣಬೆಟ್ಟಗಳೂ ಇವೆ. ಒಂದೊಂದೂ ಸುಮಾರು 200 ಹೆಕ್ಟೇರಿನದು. ಒಣನೆಲಕ್ಕೆ ಬೆಲೆಯುಂಟೆಂದು ತಿಳಿದವರು ಹೀಗೆ ಹಿಂದೆಯೂ ಇದ್ದರು. ಅವರ ದಾರಿಯನ್ನು ಬಂಗಾರಪೇಟೆಯವರೆಗೆ ತರುವುದು ಈಗಿನ ಕೆಲಸ.

ಆ ಕೆಲಸದಲ್ಲಿ ಕನ್ನಡದ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಪಾಲಿದೆ. ಅದೇ ಕಾಯಿದೆಯಂತೆ ಪ್ರತಿಯೊಂದು ಗ್ರಾಮ ಪಂಚಾಯಿತಿಯಲ್ಲಿಯೂ ಒಂದು ಸಮಿತಿಯಿದ್ದು, ಆ ಊರಿನ ಜೀವರಾಶಿಯನ್ನು ಕುರಿತು ಊರವರು ಬಲ್ಲದ್ದನ್ನೆಲ್ಲ ದಾಖಲೆ ಮಾಡಬೇಕು. ದಾಖಲೆ ಹೆಸರಿನಿಂದ ಆರಂಭವಾಗುತ್ತದೆ, ಹೆಸರು ಭಾಷೆಯಲ್ಲಿರುತ್ತದೆ. ನಮ್ಮ ಗಡಿನಾಡಿನಲ್ಲಿ ಒಂದೇ ಗಿಡಕ್ಕೆ ಕನ್ನಡದ್ದೊಂದು, ತೆಲುಗಿನದೊಂದು, ತಮಿಳಿನದೊಂದು ಹೆಸರಿದೆ. ತರಗತಿಯಲ್ಲಿ ಒಂದು ಗಿಡದ ಹೆಸರನ್ನು ಕೇಳಿದರೆ ಮೂರು ಮೂಲೆಗಳಿಂದ ಮೂರು ಉತ್ತರ ಬರುತ್ತವೆ. ಹೆಚ್ಚಿನವು ಅಜ್ಜಿಯಿಂದ ಕಲಿತವು. ಕೆಲವು ಗಿಡಗಳಿಗೆ ಈಗ ಯಾವ ಮೂಲೆಯಿಂದಲೂ ಉತ್ತರ ಬರುವುದಿಲ್ಲ. ಹೆಸರು ಹೋದ ಗಿಡವನ್ನು ಕಾಯುವುದು ಕಷ್ಟ. ಕಳೆದುಹೋಯಿತೆಂದು ಹೇಳುವುದಕ್ಕೂ ಹೆಸರು ಬೇಕಷ್ಟೆ. ಈ ಹೆಸರುಗಳನ್ನು ಕಲೆಹಾಕುವುದು ಯಾವ ಪ್ರಬಂಧಕ್ಕಿಂತಲೂ ಕಡಿಮೆಯ ಕನ್ನಡ ಕೆಲಸವಲ್ಲ.

ಕನ್ನಡ ಸಾಹಿತ್ಯಕ್ಕೆ ಇದು ಹೊಸದೂ ಅಲ್ಲ. ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ.ಜಿ.ಯವರ ಮಗ ಬಿ. ಜಿ. ಎಲ್. ಸ್ವಾಮಿಯವರು ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಬೆಟ್ಟ ಅಲೆದ ಅನುಭವವನ್ನು ಬರೆದರು. ಆ ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಅದರ ಹೆಸರು ‘ಹಸುರು ಹೊನ್ನು’. ಕೋಲಾರದ ಮೂಲದವರೊಬ್ಬರು ಹೊನ್ನೆಂಬ ಮಾತಿಗೆ ಕೊಟ್ಟ ಈ ಎರಡನೆಯ ಅರ್ಥವನ್ನು ಹೊನ್ನಿನ ಗಣಿಯ ಮಕ್ಕಳು ಓದಿದರೆ ಸಾಲದು, ಬಳಕೆಗೂ ತರಬೇಕು.

ಮಾಡಬೇಕಾದುದು ಬೆಟ್ಟದಷ್ಟೇನೂ ಇಲ್ಲ. ನಮ್ಮ ಕಾಲೇಜುಗಳ ಸಸ್ಯಶಾಸ್ತ್ರ ವಿಭಾಗವೂ ಕನ್ನಡ ವಿಭಾಗವೂ ಕೂಡಿ, ಮುಂಗಾರಿನ ಮೊದಲ ಮಳೆಯಿಂದ ಆರು ವಾರ, ತಮ್ಮ ತಮ್ಮ ಪಂಚಾಯಿತಿಯ ಗೋಮಾಳಗಳನ್ನು ಊರವರ ಜೊತೆ ನಡೆದು ನೋಡಲಿ. ಕಂಡದ್ದನ್ನು ಹೆಸರುಸಹಿತ ಬರೆದು ಸಮಿತಿಗೆ ಕೊಡಲಿ. ಕಲ್ಲುಗಣಿಗೋ ನಿವೇಶನಕ್ಕೋ ಗೋಮಾಳವನ್ನು ಕೊಡುವ ಮುನ್ನ ಮಳೆಗಾಲದ ಈ ಒಂದು ವರದಿಯನ್ನಾದರೂ ತರಿಸಿ ನೋಡಬೇಕೆಂದು ಜಿಲ್ಲಾಡಳಿತ ನಿಯಮ ಮಾಡಲಿ. ಹತ್ತು ತಾಣ ಗೊತ್ತಾದರೆ ಅವುಗಳಲ್ಲಿ ಎರಡನ್ನು ಆಯ್ದುಕೊಳ್ಳಲಿ, ಎಂಟನ್ನು ಏಕೆ ಬಿಟ್ಟೆವೆಂದು ಬರೆದಿಡಲಿ. ಕಂದಾಯದ ಪುಸ್ತಕದಲ್ಲಿ ‘ಖರಾಬು’ ಎಂದಿರುವ ಕಡೆ, ಆ ಎರಡು ತಾಣಗಳ ಮುಂದಾದರೂ, ಅಲ್ಲಿ ಬೆಳೆಯುವ ಗಿಡದ ಹೆಸರನ್ನು ಕನ್ನಡದಲ್ಲಿ ಬರೆಯಲಿ.

ಗಣಿಯಿಂದ ತೆಗೆದ ಚಿನ್ನ ಎಲ್ಲಿಗೆ ಹೋಯಿತೆಂದು ನಾವು ಇಂದಿಗೂ ಕೇಳುತ್ತೇವೆ; ಅದು ಎಲ್ಲಿಯೋ ಒಂದು ಕಡೆ ಇದ್ದೇ ಇದೆ. ಬೆಟ್ಟದಿಂದ ಕಳೆದುಹೋದ ಗಿಡದ ವಿಷಯದಲ್ಲಿ ಆ ಸಮಾಧಾನವೂ ಇಲ್ಲ.